ಒದ್ದೆ ಗೋಡೆಯ ಮೇಲೆ ಹೊರಿಸಿದ ಆಪಾದನೆಗಳು

ಮನೆಯಲ್ಲಿರುವವರಿಗೆ ಕಾಯಿಲೆ ಬರುವುದು ಗೊತ್ತು. ಮನೆಗೇ ಕಾಯಿಲೆ ಬರುತ್ತದೆಯೇ? ಬರುತ್ತದೆ ಎಂದು ನಂಬಿದ್ದ ಪ್ರಾಚೀನ ಯಹೂದಿಗಳು ಅದರ ಪರೀಕ್ಷೆ, ಚಿಕಿತ್ಸೆ ಎರಡನ್ನೂ ಬರೆದಿಟ್ಟಿದ್ದರು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಯಾಜಕಕಾಂಡ ಎಂಬ ಭಾಗವಿದೆ. ಅದರ 14ನೇ ಅಧ್ಯಾಯದಲ್ಲಿ ಗೋಡೆಯ ಮೇಲೆ ಹಸಿರು ಅಥವಾ ಕೆಂಪು ಮಚ್ಚೆ ಕಂಡರೆ ಏನು ಮಾಡಬೇಕೆಂಬ ವಿಧಿ ಬರುತ್ತದೆ. ಮನೆಯ ಯಜಮಾನ ಪುರೋಹಿತನಿಗೆ ತಿಳಿಸಬೇಕು. ಪುರೋಹಿತ ಬರುವ ಮೊದಲೇ ಪಾತ್ರೆ ಪಗಡವೆಲ್ಲ ಹೊರಗಿಡಬೇಕು. ಮನೆಗೆ ಏಳು ದಿನ ಬೀಗ. ಆಮೇಲೆ ಮಚ್ಚೆ ಹರಡಿದ್ದರೆ ಆ ಕಲ್ಲುಗಳನ್ನು ಕಿತ್ತು, ಗಾರೆ ಕೆರೆದು, ಊರಾಚೆ ಸುರಿದು, ಹೊಸ ಕಲ್ಲು ಕೂರಿಸಿ, ಹೊಸದಾಗಿ ಗಾರೆ ಬಳಿಯಬೇಕು. ಅಷ್ಟಾದರೂ ಮತ್ತೆ ಕಾಣಿಸಿಕೊಂಡರೆ ಇಡೀ ಮನೆಯನ್ನೇ ಕೆಡವಬೇಕು.

ಈ ಮಚ್ಚೆ ಬೂಷ್ಟೇ ಇರಬೇಕು ಎಂಬುದು ಅನೇಕ ವಿದ್ವಾಂಸರ ಊಹೆ. ಇಂದಿನ ಎಂಜಿನಿಯರ್ ಕೂಡ ಹೇಳುವುದು ಹೆಚ್ಚು ಕಡಿಮೆ ಇದನ್ನೇ: ಸಾಮಾನು ತೆಗೆಯಿರಿ, ಹಾಳಾದ ಭಾಗ ಕಿತ್ತುಹಾಕಿ, ಮೇಲೆ ಬಣ್ಣ ಬಳಿದು ಮುಚ್ಚಬೇಡಿ. ಪುರೋಹಿತರಿಗಿಲ್ಲದ ಒಂದು ತಿಳಿವಳಿಕೆ ಮಾತ್ರ ನಮಗಿದೆ. ಗೋಡೆಗೆ ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ನೋಡಬೇಕು ಎಂಬುದು.

ನಮ್ಮಲ್ಲಿ ಬೂಷ್ಟು ಎಂದರೆ ಉಪ್ಪಿನಕಾಯಿ ಭರಣಿಗೆ, ಹಪ್ಪಳದ ಡಬ್ಬಕ್ಕೆ, ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೆ ಹಿಡಿಯುವ ಸಣ್ಣ ಉಪದ್ರವ. ಕರಾವಳಿ, ಮಲೆನಾಡಿನವರು ಬೂಸು ಎನ್ನುತ್ತಾರೆ. ವಿಜ್ಞಾನದ ಪ್ರಕಾರ ಇದು ಶಿಲೀಂಧ್ರಗಳ ಒಂದು ದೊಡ್ಡ ಬಳಗ. ಇವುಗಳ ಬೀಜಕಣಗಳು ಗಾಳಿಯಲ್ಲಿ ಸದಾ ಇರುತ್ತವೆ; ನಾವು ಪ್ರತಿ ಉಸಿರಿನಲ್ಲೂ ಅವನ್ನು ಒಳಗೆಳೆಯುತ್ತೇವೆ. ಅವು ಮೊಳೆಯಲು ತಿನ್ನಲು ಏನಾದರೂ ಬೇಕು, ತೇವ ಬೇಕು. ಮರ, ಕಾಗದ, ಬಟ್ಟೆ, ಅಂಟು, ಬಣ್ಣದ ಪದರ, ಕೊನೆಗೆ ಗೋಡೆಗೆ ಅಂಟಿದ ಧೂಳೂ ಅವಕ್ಕೆ ಆಹಾರವೇ. ಹೀಗಾಗಿ ಮನೆಯಲ್ಲಿ ಕೊರತೆಯಿರುವುದು ನೀರೊಂದೇ. ಒಮ್ಮೆ ನೀರು ನುಗ್ಗಿದರೆ 24ರಿಂದ 48 ಗಂಟೆಗಳಲ್ಲಿ ಒಣಗಿಸಿಬಿಡಿ ಎಂದು ತಜ್ಞರು ಹೇಳುವುದು ಇದೇ ಕಾರಣಕ್ಕೆ. ಆ ಗಡುವು ದಾಟಿದರೆ ಬೀಜಕಣ ಬೇರೂರಿಬಿಡುತ್ತದೆ.

ಈ ಬಳಗದಲ್ಲಿ ಹೆಚ್ಚು ಕುಖ್ಯಾತಿ ಪಡೆದಿರುವುದು ಸ್ಟ್ಯಾಕಿಬಾಟ್ರಿಸ್. ಕಪ್ಪಗೆ, ಲೋಳೆಲೋಳೆಯಾಗಿ, ತೀರಾ ತೊಯ್ದ ಕಾಗದ, ಒಣಹುಲ್ಲುಗಳ ಮೇಲೆ ಬೆಳೆಯುತ್ತದೆ. ಇದನ್ನು ಮೊದಲು ಗುರುತಿಸಿ ಹೆಸರಿಟ್ಟವನು ಕೊರ್ಡಾ ಎಂಬ ವಿಜ್ಞಾನಿ, 1837ರಲ್ಲಿ. ಅವನಿಗೆ ಅದು ಸಿಕ್ಕಿದ್ದು ಕಾಡಿನಲ್ಲಲ್ಲ, ಪ್ರಾಗ್ ನಗರದ ಒಂದು ಮನೆಯ ವಾಲ್‌ಪೇಪರ್ ಮೇಲೆ. ಆಗ ಅದೊಂದು ಕುತೂಹಲದ ವಸ್ತುವಾಗಿತ್ತೇ ಹೊರತು ಯಾರೂ ಅದಕ್ಕೆ ಹೆದರಲಿಲ್ಲ. ಯುರೋಪು ಆಗ ವಾಲ್‌ಪೇಪರ್‌ನ ಇನ್ನೊಂದು ಸಂಗತಿಗೆ ಹೆದರಲು ಆರಂಭಿಸಿತ್ತು.

ಹಸಿರು ಗೋಡೆ, ಬೆಳ್ಳುಳ್ಳಿ ವಾಸನೆ

1775ರಲ್ಲಿ ಸ್ವೀಡನ್ನಿನ ಶೀಲೆ ಎಂಬ ರಸಾಯನಶಾಸ್ತ್ರಜ್ಞ ತಾಮ್ರ ಮತ್ತು ಪಾಷಾಣ ಸೇರಿದ ಒಂದು ಹಸಿರು ಬಣ್ಣ ತಯಾರಿಸಿದ. 1814ರಲ್ಲಿ ಅದಕ್ಕಿಂತ ಸೊಗಸಾದ ಇನ್ನೊಂದು ಹಸಿರು ಬಂತು. ಅದರಲ್ಲೂ ಪಾಷಾಣವೇ. ಅಗ್ಗದ ಬೆಲೆಗೆ ಅಂಥ ಹೊಳಪಿನ ಹಸಿರು ಹಿಂದೆಂದೂ ಸಿಕ್ಕಿರಲಿಲ್ಲ. ಪರದೆ, ಉಡುಪು, ಆಟಿಕೆ, ಎಲ್ಲಕ್ಕಿಂತ ಹೆಚ್ಚಾಗಿ ಗೋಡೆಗೆ ಅಂಟಿಸುವ ಕಾಗದ, ಎಲ್ಲ ಕಡೆ ಅದೇ ಹಸಿರು.

ಜರ್ಮನಿಯ ಖ್ಯಾತ ರಸಾಯನಶಾಸ್ತ್ರಜ್ಞ ಲಿಯೊಪೋಲ್ಡ್ ಗ್ಮೆಲಿನ್ 1839ರಲ್ಲಿ ಕಾರ್ಲ್ಸ್‌ರೂ ಪಟ್ಟಣದ ಪತ್ರಿಕೆಯೊಂದರಲ್ಲಿ ಎಚ್ಚರಿಕೆ ಬರೆದ. ಹಸಿರು ಕಾಗದ ಅಂಟಿಸಿದ ಕೋಣೆಯ ಗೋಡೆ ಒದ್ದೆಯಾದಾಗ ಕೆಟ್ಟ ವಾಸನೆ ಬರುತ್ತದೆ, ಅಲ್ಲಿ ಮಲಗುವವರು ಕಾಯಿಲೆ ಬೀಳುತ್ತಾರೆ, ಆ ಕಾಗದವನ್ನು ಕಿತ್ತು ಹಾಕಿ ಎಂದ. ಒಣಗಿದ ಗೋಡೆಯ ಮೇಲೆ ದೂರು ಕಡಿಮೆ, ಒದ್ದೆ ಗೋಡೆಯ ಮೇಲೆ ಹೆಚ್ಚು ಎಂಬುದನ್ನು ಗಮನಿಸಿದ್ದು ಅವನ ಹೆಚ್ಚುಗಾರಿಕೆ.

ಎಚ್ಚರಿಕೆಯನ್ನು ಎಲ್ಲರೂ ಒಪ್ಪಲಿಲ್ಲ. ವಾಲ್‌ಪೇಪರ್ ವಿನ್ಯಾಸಕ್ಕೆ ಜಗತ್ತಿನಲ್ಲೇ ಹೆಸರಾದ ಇಂಗ್ಲೆಂಡಿನ ಕವಿ, ಸಮಾಜವಾದಿ ವಿಲಿಯಂ ಮಾರಿಸ್ 1885ರ ಪತ್ರವೊಂದರಲ್ಲಿ, ವೈದ್ಯರ ಈ ಭಯವನ್ನು ಹಿಂದಿನ ಕಾಲದ ಮಾಟಗಾತಿಯರ ಬೇಟೆಯ ಹುಚ್ಚಿಗೆ ಹೋಲಿಸಿದ್ದಾನೆ. ಮಾರಿಸನ ಕುಟುಂಬದ ಸಂಪತ್ತು ಬಂದದ್ದು ಡೆವನ್ ಪ್ರಾಂತದ ಒಂದು ಗಣಿಯ ಷೇರುಗಳಿಂದ. ಸ್ವತಃ ಅವನೂ ಕೆಲಕಾಲ ಅದರ ನಿರ್ದೇಶಕನಾಗಿದ್ದ. ಆ ಗಣಿ ತಾಮ್ರದ ಜೊತೆಗೆ ಭಾರಿ ಪ್ರಮಾಣದಲ್ಲಿ ಪಾಷಾಣವನ್ನೂ ತೆಗೆಯುತ್ತಿತ್ತು. ಆತನ ಸಮಾಜವಾದ ಪ್ರಾಮಾಣಿಕವಾದದ್ದೇ ಇರಬಹುದು. ಆದರೆ ಈ ವಿಷಯದಲ್ಲಿ ಅವನ ಸಾಕ್ಷ್ಯಕ್ಕೆ ಎಷ್ಟು ತೂಕ ಕೊಡಬೇಕೆಂಬುದನ್ನು ಓದುಗರೇ ನಿರ್ಧರಿಸಬಹುದು.

ಒದ್ದೆ ಗೋಡೆಯ ಒಗಟನ್ನು ಬಿಡಿಸಿದವನು ಇಟಲಿಯ ಬಾರ್ತಲೋಮಿಯೊ ಗೋಸಿಯೊ. 1890ರ ದಶಕದ ಆರಂಭದಲ್ಲಿ ಆತ ಬೇಯಿಸಿದ ಆಲೂಗಡ್ಡೆಯ ಹಿಟ್ಟಿಗೆ ಪಾಷಾಣ ಬೆರೆಸಿ ಗಾಳಿಗೆ ತೆರೆದಿಟ್ಟ. ಬೂಷ್ಟು ಬೆಳೆಯಿತು, ಜೊತೆಗೇ ಬೆಳ್ಳುಳ್ಳಿಯಂಥ ಘಾಟು ಹಬ್ಬಿತು. ಕೆಲವು ಜಾತಿಯ ಬೂಷ್ಟು ಪಾಷಾಣವನ್ನು ಅನಿಲವಾಗಿಸಿ ಗಾಳಿಗೆ ಬಿಡುತ್ತದೆ ಎಂದು ಆತ ತೋರಿಸಿಕೊಟ್ಟ. ಅದಕ್ಕೆ ಗೋಸಿಯೊ ಅನಿಲ ಎಂಬ ಹೆಸರೇ ನಿಂತಿತು. 1930ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಫ್ರೆಡರಿಕ್ ಚಾಲೆಂಜರ್ ಅದು ಟ್ರೈಮಿಥೈಲ್ ಆರ್ಸೀನ್ ಎಂದು ಗುರುತಿಸಿದ. (ಇದೇ ಗೋಸಿಯೊ 1893ರಲ್ಲಿ ಬೂಷ್ಟು ಹಿಡಿದ ಜೋಳದ ಅಧ್ಯಯನದಲ್ಲಿ ಬ್ಯಾಕ್ಟೀರಿಯಾಗಳನ್ನು ತಡೆಯುವ ಮೈಕೊಫೆನಾಲಿಕ್ ಆಮ್ಲವನ್ನು ಬೇರ್ಪಡಿಸಿದ್ದ. ಬೂಷ್ಟಿನಿಂದ ಬಂದ ಔಷಧವೆಂದರೆ ನಮಗೆ 1928ರ ಫ್ಲೆಮಿಂಗ್, ಪೆನಿಸಿಲಿನ್ ಇಷ್ಟೇ ನೆನಪು. ಕಿಡ್ನಿ ಕಸಿ ಮಾಡಿಸಿಕೊಂಡವರು ಇಂದು ನುಂಗುವ ಮಾತ್ರೆಯೊಂದರ ಮೂಲ ಗೋಸಿಯೊ ಕಂಡ ಆ ಆಮ್ಲ.)

ಈ ಅನಿಲ ನೆಪೋಲಿಯನ್ನನನ್ನೂ ಬಿಡಲಿಲ್ಲ. ಸೇಂಟ್ ಹೆಲೆನಾ ದ್ವೀಪದ ಲಾಂಗ್‌ವುಡ್ ಮನೆಯಲ್ಲಿ 1821ರ ಮೇ 5ರಂದು ಆತ ಸತ್ತ. ಆ ಮನೆಯ ತೇವದ ಬಗ್ಗೆ ಅಲ್ಲಿದ್ದವರೆಲ್ಲ ಗೊಣಗಿದ್ದರು. 1980ರ ದಶಕದ ಆರಂಭದಲ್ಲಿ ಬ್ರಿಟನ್ನಿನ ರಸಾಯನಶಾಸ್ತ್ರಜ್ಞ ಡೇವಿಡ್ ಜೋನ್ಸ್ ರೇಡಿಯೊ ಭಾಷಣದಲ್ಲಿ, ಲಾಂಗ್‌ವುಡ್‌ನ ವಾಲ್‌ಪೇಪರ್ ಯಾವ ಬಣ್ಣದ್ದಿತ್ತೋ ಎಂದು ಅಚ್ಚರಿಪಟ್ಟ. ಕೇಳುಗರೊಬ್ಬರ ಮನೆಯ ಹಳೆಯ ಪುಸ್ತಕದಲ್ಲಿ ಅದರ ಒಂದು ತುಂಡೇ ಅಂಟಿಕೊಂಡಿತ್ತು! ಪರೀಕ್ಷೆ ಮಾಡಿದಾಗ ಅದರಲ್ಲಿ ಪಾಷಾಣ ಸಿಕ್ಕಿತು. ಆದರೆ ಅಷ್ಟು ಪ್ರಮಾಣ ಚಕ್ರವರ್ತಿಯನ್ನು ಕೊಲ್ಲುವಂಥದ್ದಲ್ಲ ಎಂಬುದು ಜೋನ್ಸ್ ತಲುಪಿದ ತೀರ್ಮಾನ. ಹೊಟ್ಟೆಯ ಕ್ಯಾನ್ಸರ್ ಎಂಬ ಹಳೆಯ ವಿವರಣೆಯೇ ಇಂದಿಗೂ ಹೆಚ್ಚು ಬಲವಾಗಿದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 2005ರಲ್ಲಿ ವಿಲಿಯಂ ಕಲೆನ್ ಮತ್ತು ರೊನಾಲ್ಡ್ ಬೆಂಟ್ಲಿ ಎಂಬ ರಸಾಯನಶಾಸ್ತ್ರಜ್ಞರು ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ, ಗೋಸಿಯೊ ಅನಿಲ ಜನ ನಂಬಿದಷ್ಟು ವಿಷಕಾರಿಯೇ ಅಲ್ಲ, ಅದೊಂದು ದಂತಕಥೆ ಎಂದು ವಾದಿಸಿದರು. ಬೂಷ್ಟು ಅನಿಲ ಉಂಟುಮಾಡುತ್ತದೆ ಎಂಬುದು ನಿಜ. ಹಸಿರು ಕೋಣೆಗಳಲ್ಲಿ ಜನ ನರಳಿದ್ದೂ ನಿಜ. ಆದರೆ ಎರಡಕ್ಕೂ ಗಂಟು ಹಾಕಿದ್ದು ಮಾತ್ರ ಅಷ್ಟು ಗಟ್ಟಿಯಲ್ಲ. ಉದುರಿದ ಬಣ್ಣದ ಪುಡಿ ಉಸಿರಿಗೆ, ಬಾಯಿಗೆ ಹೋಗಿರಬಹುದು. ಬರಿಯ ತೇವ, ಬೂಷ್ಟುಗಳೇ ಎದೆ ಕೆಡಿಸಿರಬಹುದು. ಒದ್ದೆ ಗೋಡೆಯ ಚರಿತ್ರೆಯಲ್ಲಿ ಮುಂದೆಯೂ ಇದೇ ತೊಡಕು ಕಾಣಿಸುತ್ತದೆ. ಜನ ಕಾಯಿಲೆ ಬೀಳುವುದು ಕಣ್ಣಿಗೆ ಕಾಣುತ್ತದೆ, ಗೋಡೆ ಕಪ್ಪಾಗಿರುವುದೂ ಕಾಣುತ್ತದೆ, ನಡುವಿನ ದಾರಿ ಕಾಣುವುದಿಲ್ಲ.

ಕುದುರೆಗಳು ಸತ್ತದ್ದು, ಪ್ರೊಫೆಸರುಗಳು ಜೈಲಿಗೆ ಹೋದದ್ದು

ಕೊರ್ಡಾ ಕಂಡಿದ್ದ ಕಪ್ಪು ಬೂಷ್ಟಿನ ನಿಜವಾದ ಶಕ್ತಿ ಬಯಲಾದದ್ದು 1930ರ ದಶಕದ ಉಕ್ರೇನಿನಲ್ಲಿ. ಅಲ್ಲಿ ಸಾವಿರಾರು ಕುದುರೆಗಳು ಬಾಯಿ ಹುಣ್ಣಾಗಿ, ರಕ್ತಸ್ರಾವವಾಗಿ ಸಾಯತೊಡಗಿದವು. ಟ್ರ್ಯಾಕ್ಟರುಗಳ ಜೊತೆಗೆ ಕುದುರೆಯನ್ನೂ ನೆಚ್ಚಿಕೊಂಡಿದ್ದ ದೇಶಕ್ಕೆ ಇದು ಸಣ್ಣ ವಿಷಯವಲ್ಲ. ಸ್ಟಾಲಿನ್ ಕಾಲದ ಪೊಲೀಸರಿಗೆ ಉತ್ತರ ಸಿದ್ಧವಾಗಿತ್ತು: ಇದು ದೇಶದ್ರೋಹಿಗಳ ಕೆಲಸ.

1938ರಲ್ಲಿ ಉಕ್ರೇನಿನ ಪಕ್ಷದ ಮುಖ್ಯಸ್ಥನಾಗಿ ಹೋದ ಕ್ರುಶ್ಚೇವ್ ತನ್ನ ಆತ್ಮಕಥನದಲ್ಲಿ ಈ ಪ್ರಸಂಗ ಹೇಳಿಕೊಂಡಿದ್ದಾನೆ. ಕಾರಣ ಹುಡುಕಲು ನೇಮಿಸಿದ್ದ ತಜ್ಞರನ್ನೇ ವಿಧ್ವಂಸಕರೆಂದು ಬಂಧಿಸಲಾಗುತ್ತಿತ್ತು. ಹೊಸ ಸಮಿತಿಗೆ ಸೇರಲು ಯಾರಿಗೆ ಧೈರ್ಯ ಬರಬೇಕು? ಕೊನೆಗೆ ಒಂದಕ್ಕಿಂತ ಹೆಚ್ಚು ಸಮಿತಿ ರಚಿಸಿ ಕೆಲಸ ಮಾಡಿಸಿದಾಗ ಅಪರಾಧಿ ಸಿಕ್ಕಿತು: ಒದ್ದೆಯಾಗಿ ಕೊಳೆತ ಹುಲ್ಲಿನಲ್ಲಿದ್ದ ಬೂಷ್ಟು. ಒಣ ಮೇವು ಕೊಟ್ಟ ಕಡೆ ಸಾವು ನಿಂತಿತು. ಅಷ್ಟರಲ್ಲಿ ಶಿಕ್ಷೆಗೆ ಗುರಿಯಾಗಿದ್ದವರ ಪಾಲಿಗೆ ಈ ಶೋಧ ತಡವಾಗಿತ್ತು. ಆ ಹುಲ್ಲನ್ನು ನಿಭಾಯಿಸುತ್ತಿದ್ದ ಆಳುಗಳಿಗೂ ಚರ್ಮದ ಉರಿ, ಮೂಗಿನ ರಕ್ತ, ಎದೆಯ ಬಿಗಿತ ಬಂದದ್ದನ್ನು ಸೋವಿಯತ್ ವೈದ್ಯರು ದಾಖಲಿಸಿದರು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಕುದುರೆಗಳು ಆ ಬೂಷ್ಟನ್ನು ತಿಂದಿದ್ದವು. ಗೋಡೆಯ ಬೂಷ್ಟನ್ನು ಮನುಷ್ಯ ತಿನ್ನುವುದಿಲ್ಲ, ಅದರ ಕಣಗಳನ್ನು ಉಸಿರಾಡುತ್ತಾನೆ. ಹೊಟ್ಟೆಗೆ ಹೋದದ್ದು ಮಾಡಿದ ಅನಾಹುತವನ್ನು ಉಸಿರಿಗೆ ಹೋದದ್ದೂ ಮಾಡುತ್ತದೆಯೇ? ಈ ಪ್ರಶ್ನೆ ಅಮೆರಿಕದಲ್ಲಿ ಸ್ಫೋಟಗೊಂಡದ್ದು 1990ರ ದಶಕದಲ್ಲಿ.

ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ 1993, 1994ರ ಎರಡು ವರ್ಷಗಳಲ್ಲಿ ಹತ್ತು ಹಸುಗೂಸುಗಳು ಶ್ವಾಸಕೋಶದಿಂದ ರಕ್ತ ಸೋರುವ ಅಪರೂಪದ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದವು. ಒಂದು ಮಗು ಉಳಿಯಲಿಲ್ಲ. ಬಹುತೇಕ ಮಕ್ಕಳ ಮನೆಗಳು ನಗರದ ಪೂರ್ವಭಾಗದ ಹಳೆಯ ಬಡಾವಣೆಗಳಲ್ಲಿದ್ದವು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿಯ ತಂಡ ಆ ಮನೆಗಳಿಗೆ ಹೋದಾಗ ಕಂಡದ್ದು ಸೋರುವ ಕೊಳಾಯಿ, ಸೋರುವ ಸೂರು, ನೀರು ನುಗ್ಗಿದ ನೆಲಮಾಳಿಗೆ, ಜೊತೆಗೆ ಸ್ಟ್ಯಾಕಿಬಾಟ್ರಿಸ್. ಅನೇಕ ಮನೆಗಳಲ್ಲಿ ಸಿಗರೇಟಿನ ಹೊಗೆಯೂ ಇತ್ತು. ಪತ್ರಿಕೆಗಳಿಗೆ ಹೊಗೆ ಬೇಕಾಗಲಿಲ್ಲ. ಮಾರಕ ಕಪ್ಪು ಬೂಷ್ಟು ಎಂಬ ಶೀರ್ಷಿಕೆ ದೇಶವಿಡೀ ಓಡಾಡಿತು. ಸುದ್ದಿಮನೆಯಲ್ಲಿ ಕೆಲಸ ಮಾಡುವ ಯಾರಿಗೂ ಇದು ಹೇಗೆ ನಡೆದಿರಬಹುದು ಎಂದು ಊಹಿಸಲು ಕಷ್ಟವಿಲ್ಲ.

2000ದ ಮಾರ್ಚ್‌ನಲ್ಲಿ ಸಿಡಿಸಿ ತನ್ನದೇ ತನಿಖೆಯನ್ನು ಮರುಪರಿಶೀಲಿಸಿ, ಬೂಷ್ಟಿಗೂ ಆ ರಕ್ತಸ್ರಾವಕ್ಕೂ ಸಂಬಂಧ ಸಿದ್ಧವಾಗಿಲ್ಲ ಎಂದು ಪ್ರಕಟಿಸಿತು. ಲೆಕ್ಕದಲ್ಲಿ, ಮಾದರಿ ಸಂಗ್ರಹಿಸಿದ ಕ್ರಮದಲ್ಲಿ ದೋಷಗಳಿದ್ದವು ಎಂದಿತು. ಸಂಬಂಧವಿಲ್ಲ ಎನ್ನಲಿಲ್ಲ, ಸಿದ್ಧವಾಗಿಲ್ಲ ಎಂದಿತು. ಮೊದಲ ತನಿಖೆಯಲ್ಲಿದ್ದ ವೈದ್ಯರು ಇದನ್ನೂ ಒಪ್ಪಲಿಲ್ಲ. ಹೆದರಿದ್ದ ಜನರಂತೂ ಈ ಎರಡನೇ ವರದಿಯನ್ನು ಓದಲೇ ಇಲ್ಲವೇನೋ. 2001ರಲ್ಲಿ ಟೆಕ್ಸಾಸ್‌ನ ಕುಟುಂಬವೊಂದಕ್ಕೆ, ಮನೆಯಲ್ಲಿ ನೀರು ಸೋರಿ ಬೂಷ್ಟು ಹಬ್ಬಿದ ಪ್ರಕರಣದಲ್ಲಿ ವಿಮಾ ಕಂಪನಿ 3.2 ಕೋಟಿ ಡಾಲರ್ ಕೊಡಬೇಕೆಂದು ನ್ಯಾಯದರ್ಶಿ ಮಂಡಳಿ ತೀರ್ಪು ಕೊಟ್ಟಿತು. ಮುಂದಿನ ವರ್ಷ ಮೇಲ್ಮನವಿಯಲ್ಲಿ ಅದು ಸುಮಾರು 40 ಲಕ್ಷಕ್ಕಿಳಿಯಿತು. ಅಷ್ಟರಲ್ಲಿ ಬೂಷ್ಟು ವಕೀಲರಿಗೂ ಶುಚಿಗೊಳಿಸುವ ಕಂಪನಿಗಳಿಗೂ ಒಳ್ಳೆಯ ಬೆಳೆಯಾಗಿತ್ತು. ವಿಮಾ ಕಂಪನಿಗಳು ತಮ್ಮ ಪಾಲಿಸಿಗಳಿಂದ ಬೂಷ್ಟನ್ನು ಹೊರಗಿಡತೊಡಗಿದವು.

ಹಾಗಾದರೆ ನಿಜ ಎಷ್ಟು? ಅಮೆರಿಕದ ವೈದ್ಯಕೀಯ ಸಂಸ್ಥೆ 2004ರಲ್ಲಿ ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ಅಳೆದು ತೂಗಿತು. ತೇವ, ಬೂಷ್ಟುಗಳಿರುವ ಮನೆಗಳಿಗೂ ಮೂಗು ಗಂಟಲಿನ ತೊಂದರೆ, ಕೆಮ್ಮು, ಗೊರಗೊರ ಉಸಿರು, ಅಸ್ತಮಾ ಇದ್ದವರಲ್ಲಿ ಅದು ಕೆರಳುವುದು, ಇವಕ್ಕೂ ಸಂಬಂಧವಿದೆ ಎಂಬುದಕ್ಕೆ ಸಾಕಷ್ಟು ಆಧಾರವಿದೆ ಎಂದಿತು. ಒಗ್ಗದವರಲ್ಲಿ ಶ್ವಾಸಕೋಶದ ಒಂದು ಬಗೆಯ ಉರಿಯೂತವೂ ಬರಬಹುದು. ಮರೆವು, ದಣಿವು, ಕ್ಯಾನ್ಸರ್ ಮುಂತಾಗಿ ಜಾಹೀರಾತುಗಳು ಹೇಳುತ್ತಿದ್ದುದಕ್ಕೆ ಮಾತ್ರ ಸಾಕಷ್ಟು ಆಧಾರ ಸಿಗಲಿಲ್ಲ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಮಾರ್ಗಸೂಚಿಯೂ ಇದೇ ಹಾದಿಯಲ್ಲಿದೆ. ಗಾಳಿಯಲ್ಲಿ ಇಷ್ಟು ಬೀಜಕಣವಿದ್ದರೆ ಅಪಾಯವಿಲ್ಲ ಎಂಬ ಅಂಕಿಯನ್ನು ಅದು ಕೊಡಲಿಲ್ಲ. ತೇವವನ್ನೇ ತಡೆಯಿರಿ ಎಂದಿತು. ಬೂಷ್ಟಿನ ಜಾತಿ ಹುಡುಕಲು ಹಣ ಕೊಟ್ಟು ಪರೀಕ್ಷೆ ಮಾಡಿಸುವುದು ಸಾಮಾನ್ಯ ಮನೆಯವರಿಗೆ ವ್ಯರ್ಥ ಖರ್ಚು ಎಂಬುದು ಇದರಿಂದ ಹೊರಡುವ ತಾತ್ಪರ್ಯ. ಕಪ್ಪಿರಲಿ, ಹಸಿರಿರಲಿ, ತೆಗೆಯುವುದೇ ಮದ್ದು.

ಅಪಾಯ ಎಲ್ಲರಿಗೂ ಒಂದೇ ಅಲ್ಲ. ಎಳೆಯ ಮಕ್ಕಳು, ವೃದ್ಧರು, ಅಸ್ತಮಾ ರೋಗಿಗಳು, ಕ್ಯಾನ್ಸರ್ ಚಿಕಿತ್ಸೆ ಅಥವಾ ಅಂಗಾಂಗ ಕಸಿಯಿಂದ ರೋಗನಿರೋಧಕ ಶಕ್ತಿ ಕುಗ್ಗಿದವರು ಹೆಚ್ಚು ಎಚ್ಚರದಿಂದಿರಬೇಕು. ಈ ಕೊನೆಯ ಗುಂಪಿನವರಲ್ಲಿ ಆಸ್ಪರ್ಜಿಲಸ್‌ನಂಥ ಬೂಷ್ಟು ಶ್ವಾಸಕೋಶದಲ್ಲೇ ಬೆಳೆದು ಪ್ರಾಣಕ್ಕೆ ಕುತ್ತು ತರಬಲ್ಲದು. 2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ನಾವೆಲ್ಲ ಕೇಳಿದ ಕಪ್ಪು ಶಿಲೀಂಧ್ರ, ಅಂದರೆ ಮ್ಯೂಕರ್‌ಮೈಕೋಸಿಸ್, ಗೋಡೆಯ ಕಪ್ಪು ಬೂಷ್ಟಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಅದು ಬೇರೆ ಕುಲದ್ದು. ಹದ್ದು ಮೀರಿದ ಸಕ್ಕರೆ ಕಾಯಿಲೆ, ಸ್ಟಿರಾಯ್ಡ್ ಬಳಕೆ ಅದಕ್ಕೆ ದಾರಿ ಮಾಡಿಕೊಟ್ಟಿದ್ದವು.

ನೀರು ಇಳಿದ ಮೇಲೆ

ಈ ಜ್ಞಾನವೆಲ್ಲ ದೊಡ್ಡ ಪರೀಕ್ಷೆಗೊಳಗಾದದ್ದು 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರದ ಒಡ್ಡುಗಳನ್ನು ಒಡೆದಾಗ. ನಗರದ ಸುಮಾರು ಶೇ 80 ಭಾಗ ಮುಳುಗಿತು. ಎಷ್ಟೋ ಬಡಾವಣೆಗಳಲ್ಲಿ ನೀರು ವಾರಗಟ್ಟಲೆ ನಿಂತಿತ್ತು, ಜೊತೆಗೆ ಬಿಸಿಲ ಧಗೆ. ಅಲ್ಲಿನ ಮನೆಗಳ ಒಳಗೋಡೆ ಇಟ್ಟಿಗೆಯದಲ್ಲ. ಎರಡೂ ಬದಿ ಕಾಗದ ಅಂಟಿಸಿದ ಜಿಪ್ಸಂ ಹಲಗೆಯದು. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಊಟವಿಲ್ಲ. ಅಕ್ಟೋಬರ್‌ನಲ್ಲಿ ನಡೆದ ಸಮೀಕ್ಷೆಯಲ್ಲಿ ಶೇ 46ರಷ್ಟು ಮನೆಗಳಲ್ಲಿ ಬೂಷ್ಟು ಕಣ್ಣಿಗೆ ಕಾಣುವಂತಿತ್ತು. ಶೇ 17ರಷ್ಟು ಮನೆಗಳಲ್ಲಿ ಅದು ವಿಪರೀತವಾಗಿತ್ತು. ಜನ ಗೋಡೆಗಳನ್ನು ಕಿತ್ತು ಬೀದಿಗೆ ಸುರಿದು, ಮರದ ಚೌಕಟ್ಟನ್ನಷ್ಟೇ ಉಳಿಸಿಕೊಂಡು ಮತ್ತೆ ಕಟ್ಟಿದರು. ಯಾಜಕಕಾಂಡದ ವಿಧಿ ಇಡೀ ನಗರಕ್ಕೆ ಅನ್ವಯವಾದಂತಿತ್ತು.

ನಮ್ಮ ಇಟ್ಟಿಗೆ, ಕಲ್ಲಿನ ಗೋಡೆಗಳು ಹಾಗೆ ಕರಗುವುದಿಲ್ಲ. ಆದರೆ ಅವು ಬೇಗ ಒಣಗುವುದೂ ಇಲ್ಲ. ಹಿಂದಿನವರು ಮಳೆಗಾಲ ಕಳೆದ ಮೇಲೆ ಹಬ್ಬದ ನೆಪದಲ್ಲಿ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಹೊಸ ಸುಣ್ಣದ ಕ್ಷಾರಗುಣ ಬೂಷ್ಟಿಗೆ ಆಗಿಬರುವುದಿಲ್ಲ, ಸುಣ್ಣದ ಗೋಡೆ ತೇವವನ್ನು ಹೊರಬಿಡುತ್ತದೆ. ಕಾಲಕ್ರಮೇಣ ಗಾಳಿ ತಾಗಿ ಆ ಕ್ಷಾರಗುಣ ಇಳಿಯುತ್ತದೆ, ಆದ್ದರಿಂದಲೇ ವರ್ಷ ವರ್ಷ ಬಳಿಯಬೇಕಿತ್ತು. ಇಂದು ಸಿಮೆಂಟಿನ ಮೇಲೆ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಬಣ್ಣ. ನೋಡಲು ನುಣುಪು. ಒಳಗಿನ ನೀರು ಹೊರಬರಲು ದಾರಿಯಿಲ್ಲದೆ ಬಣ್ಣ ಗುಳ್ಳೆಯೇಳುತ್ತದೆ, ಗುಳ್ಳೆಯ ಹಿಂದೆ ಬೂಷ್ಟು ಬೆಳೆಯುತ್ತದೆ. ಗೋಡೆಗೆ ಒತ್ತಿ ನಿಲ್ಲಿಸಿದ ಬೀರುವಿನ ಹಿಂಬದಿಯನ್ನು ಒಮ್ಮೆ ಇಣುಕಿ ನೋಡಿದರೆ ಗೊತ್ತಾಗುತ್ತದೆ.

2018ರ ಆಗಸ್ಟ್‌ನಲ್ಲಿ ಕೊಡಗು, 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ದಡದ ಊರುಗಳು ನೀರು ಕಂಡವು. ಮನೆ ಎಷ್ಟು ಬಿದ್ದಿದೆ ಎಂದು ನೋಡಿ ಎ, ಬಿ, ಸಿ ಎಂದು ವಿಂಗಡಿಸಿ ಪರಿಹಾರ ಕೊಡಲಾಯಿತು. ಬೀಳದೆ ನಿಂತ, ಆದರೆ ತಿಂಗಳಾದರೂ ಒಣಗದ ಗೋಡೆಯ ಪಕ್ಕ ಚಾಪೆ ಹಾಸಿ ಮಲಗುವ ಮಗುವಿನ ಕೆಮ್ಮನ್ನು ಪ್ರವಾಹದ ಹಾನಿಯೆಂದು ಎಣಿಸುವ ಅಭ್ಯಾಸ ನಮ್ಮಲ್ಲಿನ್ನೂ ಬೆಳೆದಿಲ್ಲ.

ಎಣಿಸಿದ ಒಂದು ಕಡೆಯ ಕಥೆ ಹೀಗಿದೆ. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ ಸುಡಾನ್ ಮೂಲದ ಕುಟುಂಬವೊಂದು ಬಡವರಿಗಾಗಿ ಕಡಿಮೆ ಬಾಡಿಗೆಗೆ ಕೊಡುವ ಪುಟ್ಟ ಫ್ಲ್ಯಾಟಿನಲ್ಲಿತ್ತು. ಅಡಿಗೆಮನೆ, ಬಚ್ಚಲುಗಳ ಗೋಡೆಗೆ ಬೂಷ್ಟು ಹಿಡಿದಿತ್ತು. ತಂದೆ 2017ರಲ್ಲೇ ದೂರು ಕೊಟ್ಟ. ಮೇಲೆ ಬಣ್ಣ ಬಳಿಯಿರಿ ಎಂಬ ಉತ್ತರ ಬಂತು. ಮರುವರ್ಷ ಹುಟ್ಟಿದ ಮಗ ಅವಾಬ್ 2020ರ ಡಿಸೆಂಬರ್‌ನಲ್ಲಿ, ಎರಡನೇ ವಯಸ್ಸಿನಲ್ಲಿ, ಉಸಿರಾಟದ ತೊಂದರೆಯಿಂದ ತೀರಿಕೊಂಡ. ದೀರ್ಘಕಾಲ ಬೂಷ್ಟಿನ ನಡುವೆ ಬದುಕಿದ್ದೇ ಇದಕ್ಕೆ ಕಾರಣ ಎಂದು 2022ರ ನವೆಂಬರ್‌ನಲ್ಲಿ ಮರಣ ವಿಚಾರಣಾಧಿಕಾರಿ ನಿರ್ಣಯಿಸಿದರು. ಆ ಕುಟುಂಬದ ಜೀವನಕ್ರಮವೇ, ಅವರು ಬಕೆಟ್ ಇಟ್ಟುಕೊಂಡು ಸ್ನಾನ ಮಾಡುವುದೇ ತೇವಕ್ಕೆ ಕಾರಣವೆಂದು ಮನೆಯ ಆಡಳಿತದವರು ಭಾವಿಸಿದ್ದರು ಎಂಬ ಸಂಗತಿಯೂ ವಿಚಾರಣೆಯ ವೇಳೆ ಹೊರಬಂತು. ಬಕೆಟ್ಟು, ತಂಬಿಗೆ ಬಿಟ್ಟು ಬೇರೆ ಸ್ನಾನವೇ ಗೊತ್ತಿಲ್ಲದ ನಮ್ಮ ಲಕ್ಷಾಂತರ ಮನೆಗಳವರಿಗೆ ಇದನ್ನು ಓದಿ ಏನನ್ನಿಸೀತು?

2023ರಲ್ಲಿ ಬ್ರಿಟನ್ನಿನ ಸಂಸತ್ತು ಆ ಮಗುವಿನ ಹೆಸರಿನಲ್ಲೇ ಕರೆಯಲಾಗುವ ನಿಯಮವನ್ನು ಅಂಗೀಕರಿಸಿತು. 2025ರ ಅಕ್ಟೋಬರ್ 27ರಿಂದ ಅದರ ಮೊದಲ ಹಂತ ಇಂಗ್ಲೆಂಡಿನಲ್ಲಿ ಜಾರಿಗೆ ಬಂದಿದೆ. ಸಾಮಾಜಿಕ ವಸತಿಯ ಬಾಡಿಗೆದಾರ ತೇವ, ಬೂಷ್ಟುಗಳ ಗಂಭೀರ ದೂರು ಕೊಟ್ಟರೆ ಮನೆಯೊಡೆಯ ಹತ್ತು ಕೆಲಸದ ದಿನಗಳೊಳಗೆ ಬಂದು ಪರಿಶೀಲಿಸಬೇಕು. ಪ್ರಾಣಾಪಾಯದ ತುರ್ತು ಇದ್ದರೆ 24 ಗಂಟೆಗಳಲ್ಲಿ ಸರಿಪಡಿಸಬೇಕು, ಆಗದಿದ್ದರೆ ಬೇರೆ ಕಡೆ ವಸತಿ ಒದಗಿಸಬೇಕು. ಅದಕ್ಕೂ ಮೊದಲೇ, 2023ರ ಸೆಪ್ಟೆಂಬರ್‌ನಲ್ಲಿ, ಅಲ್ಲಿನ ಸರ್ಕಾರ ಮನೆಯೊಡೆಯರಿಗೆ ಕೊಟ್ಟ ಸೂಚನೆಯಲ್ಲಿ ಇನ್ನೊಂದು ಮಾತಿದೆ: ಅಡಿಗೆ ಮಾಡುವುದು, ಸ್ನಾನ ಮಾಡುವುದು, ಬಟ್ಟೆ ಒಣಗಿಸುವುದು ಇವೆಲ್ಲ ದಿನನಿತ್ಯದ ಬದುಕು, ಗೋಡೆಯ ಬೂಷ್ಟಿಗೆ ಇವನ್ನು ಮುಂದೆ ಮಾಡಿ ಬಾಡಿಗೆದಾರರನ್ನು ದೂರುವಂತಿಲ್ಲ.